ಎಮ್ಮೆಯ ಪಟ್ಟಾ, ನಮ್ಮ ಮೆಟ್ಟಿಲು

ಆಗ ನನಗೆ ಐವತ್ತಾರು. ಅದಾಗಿ ಹದಿನಾರು ವರ್ಷ ಕಳೆಯಿತು. ವಯಸ್ಸನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮೊಣಕಾಲೂರಿ ಮೆಟ್ಟಿಲು ಹತ್ತುವ ಮಾತು ಬರುತ್ತದೆ; ಆಗ ನೀವು ಈಗಿನ ಮುದುಕಿಯನ್ನು ಕಣ್ಣ ಮುಂದೆ ತಂದುಕೊಂಡು ಸುಮ್ಮನೆ ಕನಿಕರಪಡುವುದು ಬೇಡ. ಆಗ ನನ್ನ ಮೊಣಕಾಲು ಗಟ್ಟಿಯಿದ್ದವು. ಬಾಯಿ ಈಗಿನಷ್ಟೇ ಇತ್ತು.

ಇದೆಲ್ಲ ನೆನಪಾದದ್ದು ಕಳೆದ ವಾರ. ಮೈಲೂರಿನ ನಮ್ಮ ಓಣಿಯಲ್ಲೇ ಒಬ್ಬರ ಹೊಸ ಮನೆಯ ಪ್ರವೇಶವಿತ್ತು. ಅಂಗಳದಿಂದ ಬಾಗಿಲಿಗೆ ಕರಿ ಗ್ರಾನೈಟಿನ ಮೆಟ್ಟಿಲು. ಬಗ್ಗಿದರೆ ಮುಖ ಕಾಣಬೇಕು, ಅಷ್ಟು ನುಣುಪು. ಮೇಲೆ ತುಂತುರು ಮಳೆ ಬೇರೆ. ರೇಷ್ಮೆ ಸೀರೆಯ ಹೆಂಗಸರು ಒಬ್ಬರ ಹಿಂದೆ ಒಬ್ಬರು ಹತ್ತುತ್ತಿದ್ದರು. ನಾನು ಕೆಳಗೇ ನಿಂತೆ. ಚಪ್ಪಲಿ ಬಿಟ್ಟು ಮೊದಲ ಕಲ್ಲನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದೆ.

“ಬರ್ರಿ ಅಮ್ಮಾ, ಯಾಕ ನಿಂತ್ರಿ? ಏನ್ ನೋಡ್ಲತ್ತೀರಿ?” ಎಂದು ಮನೆಯೊಡತಿ ಮೇಲಿನಿಂದ ಕೂಗಿದಳು.

“ನಿನ್ನ ಮೆಟ್ಟಲ ನನ್ನ ಸೊಂಟ ಕೇಳ್ಲತ್ತದವಾ. ಕೊಡ್ಲೋ ಬ್ಯಾಡೋ ಅಂತ ನೋಡ್ಲತ್ತೇನಿ.”

ಎಲ್ಲರೂ ನಕ್ಕರು. ನಾನು ನಗಿಸಲಿಕ್ಕೆ ಹೇಳಿದ್ದಲ್ಲ. ಊಟವನ್ನು ಕೆಳಗೇ ತರಿಸಿಕೊಂಡು ಉಂಡು ಬಂದೆ. ಹೋಳಿಗೆ ಚೆನ್ನಾಗಿತ್ತು.

ನಮ್ಮ ಮನೆಯೂ ಎತ್ತರದ್ದೇ. ಬೀದರಿನ ನೆಲ ಕಂಡವರಿಗೆ ಗೊತ್ತು, ಕೆಂಪು ಬಂಡೆಯ ಮೇಲೆ ಹಿಡಿಯಷ್ಟು ಮಣ್ಣು. ಅಗೆಯುವ ಕಷ್ಟ ಯಾಕೆಂದು ನಮ್ಮ ಮಾವನವರು ಬಂಡೆಯ ನೆತ್ತಿಯ ಮೇಲೇ ಗೋಡೆ ಎಬ್ಬಿಸಿದ್ದರು. ಹಾಗಾಗಿ ಮನೆ ಮೇಲೆ, ಅಂಗಳ ಕೆಳಗೆ. ನಡುವೆ ಶಹಾಬಾದಿ ಕಲ್ಲಿನ ಮೆಟ್ಟಿಲು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬರೀ ಗಾಳಿ. ನಳ ಕೆಳಗೆ, ಬಚ್ಚಲು ಕೆಳಗೆ, ಸಂಡಾಸು ಕೆಳಗೆ. ದಿನಕ್ಕೆ ಎಷ್ಟು ಸಲ ಇಳಿದು ಹತ್ತಬೇಕು, ನೀವೇ ಲೆಕ್ಕ ಹಾಕಿಕೊಳ್ಳಿ. ಅರವತ್ತು ವರ್ಷ ಬರಿಗಾಲು ತಿಕ್ಕಿ ತಿಕ್ಕಿ ಆ ಕಲ್ಲು ಸಾಬೂನಿನ ಬಿಲ್ಲೆಯಂತಾಗಿತ್ತು. ಮಳೆಗಾಲದಲ್ಲಿ ಅದರ ಮೇಲೆ ಪಾಚಿ, ಪಾಚಿಯ ಮೇಲೆ ಓಣಿಯ ಕೆಂಪು ರಾಡಿ.

ಇಷ್ಟು ಸಾಲದೆಂದು ನಮ್ಮ ಅತ್ತೆ. ಅವರಿಗೆ ಆಗ ಎಂಬತ್ತರ ಹತ್ತಿರ. ಒಣಗಿದ ತೊಗರಿ ಕಟ್ಟಿಗೆಯಂಥ ಮೈ, ಬೆನ್ನು ಮಾತ್ರ ನೆಟ್ಟಗೆ. ಬೆಳಕು ಹರಿಯುವ ಮೊದಲೇ ಎದ್ದು ಮೆಟ್ಟಿಲಿಗೆ ಕೊಡ ಕೊಡ ನೀರು ಸುರಿದು, ತೆಳ್ಳಗೆ ಸಗಣಿ ಸಾರಿಸಿ, ರಂಗೋಲಿ ಎಳೆಯುವುದು ಅವರ ಕೆಲಸ. ಮದುವೆಯಾಗಿ ಬಂದ ಮರುದಿನದಿಂದ ಒಂದು ದಿನ ಬಿಟ್ಟವರಲ್ಲ. ಹೊರಗೆ ಜಡಿಮಳೆ ಹೊಡೆಯುತ್ತಿದ್ದರೂ ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ತೊಳೆಯುತ್ತಿದ್ದರು.

“ಮಳೀನೇ ತೊಳೀಲತ್ತದಲ್ರಿ ಅತ್ತಿ, ಮತ್ತ ನೀವ್ಯಾಕ?” ಎಂದರೆ, “ಮಳಿ ತೊಳದ್ರ ಮಳೀಗಿ ಪುಣ್ಯ ಬರ್ತದ. ನನಗೇನ್ ಬರ್ತದ?” ಎನ್ನುತ್ತಿದ್ದರು.

ನನ್ನನ್ನು ಅವರು ಹೆಸರಿನಿಂದ ಕರೆದದ್ದು ಕಡಿಮೆ. ತವರು ಔರಾದ ತಾಲೂಕಿನ ಚಿಂತಾಕಿ, ಆದ್ದರಿಂದ ನಾನು ‘ಚಿಂತಾಕಿಯಾಕಿ’. ನನ್ನ ಸೊಸೆ ಸುನಂದಾ ಭಾಲ್ಕಿಯವಳು, ಆದ್ದರಿಂದ ಅವಳು ‘ಭಾಲ್ಕಿಯಾಕಿ’. ಮಗ ಸಂಗಮೇಶನಿಗೆ ಔರಾದದಲ್ಲಿ ನೌಕರಿ. ಸೋಮವಾರ ನಸುಕಿನ ಬಸ್ಸಿಗೆ ಹೋದರೆ ಶನಿವಾರ ಬರುತ್ತಿದ್ದ. ಮಾವನವರೂ ನನ್ನ ಯಜಮಾನರೂ ಆಗಲೇ ತೀರಿಕೊಂಡಿದ್ದರಿಂದ ಉಳಿದ ದಿನ ಮನೆಯಲ್ಲಿ ಮೂವರು ಹೆಂಗಸರು. ಮೂರು ಊರಿನವರು ಒಂದೇ ಒಲೆಯ ಮುಂದೆ ಕೂತರೆ ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ.

ಆ ಶ್ರಾವಣದಲ್ಲಿ ಸುನಂದಾಗೆ ಏಳನೆಯ ತಿಂಗಳು ನಡೆಯುತ್ತಿತ್ತು. ಅದಕ್ಕೂ ಹಿಂದಿನ ವರ್ಷ ಒಂದು ಹೋಗಿತ್ತು. ತವರಿಗೆ ಹೋಗಿದ್ದಾಗ, ಆರನೆಯ ತಿಂಗಳಲ್ಲಿ. ಬಿದ್ದದ್ದಿಲ್ಲ, ಭಾರ ಎತ್ತಿದ್ದಿಲ್ಲ, ಹಾಗೇ ಹೋಯಿತು. ಅವಳ ತಾಯಿ ಹೆದರಿಬಿಟ್ಟಿದ್ದಳು. ಈ ಸಲ ಕರೆದೊಯ್ಯಲು ಬರಲೇ ಇಲ್ಲ. ಫೋನಿನಲ್ಲಿ, “ನೀವೇ ಇಟ್ಕೊಳ್ರಿ ಅಕ್ಕಾ, ನನ್ನ ಮನ್ಯಾಗ ಮತ್ತ ಏನಾರ ಆದ್ರ ನಾ ನಿಮಗ ಮಾರಿ ಹ್ಯಾಂಗ ತೋರಸ್ಲಿ?” ಎಂದಳು. ನನಗೂ ಅದೇ ಸರಿ ಎನಿಸಿತು. ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಬದಿಗೆ ಕರೆದು ಒಂದೇ ಮಾತು ಹೇಳಿದಳು: “ಈಕಿ ಬೀಳಬಾರದು ನೋಡ್ರಿ. ಒಂದ್ಸಲಾನೂ ಬೀಳಬಾರದು.”

ಅವಳು ಹೇಳಿ ಮುಂದಿನವರನ್ನು ಕರೆದಳು. ನಾನು ಮನೆಗೆ ಬಂದು ಮೆಟ್ಟಿಲು ನೋಡಿದೆ.

ಅಂದಿನಿಂದ ನನ್ನ ಕಿವಿ ನನ್ನದಾಗಿ ಉಳಿಯಲಿಲ್ಲ. ರೊಟ್ಟಿ ಬಡಿಯುತ್ತಿದ್ದರೂ ಕಿವಿ ಮೆಟ್ಟಿಲ ಮೇಲೆ. ಅವಳ ಕಾಲುಂಗುರ ಕಲ್ಲಿಗೆ ತಾಗುವ ಸದ್ದು ಬಂದರೆ ಸಾಕು, ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡುತ್ತಿದ್ದೆ. ಅವಳು ಇಳಿಯುವಾಗ ನಾನು ಮುಂದೆ, ಹಿಮ್ಮುಖವಾಗಿ, ಎರಡೂ ಕೈ ಚಾಚಿ. “ಅತ್ತಿ, ನೀವ್ ಹಿಂಗ ಇಳದ್ರ ಮೊದಲ ನೀವೇ ಬೀಳ್ತೀರಿ,” ಎಂದು ಅವಳು ನಗುತ್ತಿದ್ದಳು. ಬಿದ್ದರೆ ಬೀಳುತ್ತೇನೆ ಬಿಡು, ನಾನೇನು ಬಸುರಿಯೇ? ಹಿಂದಿನ ಕೋಣೆಯಲ್ಲಿ ಒಂದು ಬಕೆಟ್ ಇಟ್ಟುಬಿಡೋಣ, ಅವಸರಕ್ಕೆ ಆಗುತ್ತದೆ ಎಂದರೆ ಅತ್ತೆ ಒಪ್ಪಲಿಲ್ಲ. ಪಕ್ಕದಲ್ಲೇ ಅವರು ಲಿಂಗಪೂಜೆಗೆ ಕೂರುವ ಕೋಣೆ. ಅವರು ಒಪ್ಪಿದ್ದರೂ ಸುನಂದಾ ಒಪ್ಪುತ್ತಿರಲಿಲ್ಲವೆನ್ನಿ.

ಹಾಗೆಂದು ಅತ್ತೆಗೆ ಮಗು ಬೇಡವಾಗಿತ್ತೆಂದು ತಿಳಿಯಬೇಡಿ. ನನಗಿಂತ ಅವರಿಗೇ ಹೆಚ್ಚು ಬೇಕಿತ್ತು. ಮೆಟ್ಟಿಲು ಎಷ್ಟು ಚೊಕ್ಕಟವೋ ಅಷ್ಟು ಬೇಗ ಕೂಸು ಮನೆ ಹತ್ತುತ್ತದೆಂದು ಅವರ ನಂಬಿಕೆ. ಹಿಂದಿನದು ಹೋದ ಮೇಲೆ ನೀರು ಎರಡು ಕೊಡ ಹೆಚ್ಚಾಗಿತ್ತು. ನಾನು ಕೂಸಿಗಾಗಿ ಮೆಟ್ಟಿಲು ಒಣಗಿರಲಿ ಎನ್ನುತ್ತಿದ್ದೆ. ಅವರು ಕೂಸಿಗಾಗಿ ಅದನ್ನು ತೋಯಿಸುತ್ತಿದ್ದರು.

ಉಸುಕು ಹಾಕಿದೆ, ಅವರು ಗುಡಿಸಿದರು. ಬೂದಿ ಹಾಕಿದೆ, ತೊಳೆದರು. ಗೋಣಿತಟ್ಟು ಹಾಸಿದೆ. ಅದು ನನ್ನನ್ನೇ ಹೊತ್ತುಕೊಂಡು ಕೆಳಗಿನವರೆಗೆ ಹೋಯಿತು. ಹಾಲಿನವನು ನೋಡಿ ಕ್ಯಾನು ಕೆಳಗಿಟ್ಟು ನಕ್ಕ. ಮರುವಾರ ಅವನೂ ಜಾರಿದ. ನಾನು ಏನೂ ಕೆಳಗಿಡದೆ ನಕ್ಕೆ.

ಅಷ್ಟರಲ್ಲಿ ಚಿಂತಾಕಿಗೆ ಹೋಗುವ ಪ್ರಸಂಗ ಬಂತು. ತಮ್ಮನ ಮನೆಯಲ್ಲಿ ಎಮ್ಮೆ ಈದಿತ್ತು. ಹಾಲು ಕುಡಿದು ಕೊಟ್ಟಿಗೆಗೆ ಹೋಗಿ ನೋಡುತ್ತೇನೆ, ಎಮ್ಮೆ ಉಚ್ಚೆ ಸಗಣಿಯ ನಡುವೆಯೂ ಕಂಬದ ಹಾಗೆ ನಿಂತಿದೆ. ಕಾಲ ಕೆಳಗೆ ಬೆರಳು ದಪ್ಪದ ಕರಿ ರಬ್ಬರು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಸಾಗಿಸುವ ಪಟ್ಟಾ ಇರುತ್ತದಲ್ಲ, ಸವೆದ ಮೇಲೆ ಅದನ್ನು ಒಕ್ಕಲಿಗರು ತಂದು ಎಮ್ಮೆಗೆ ಹಾಸುತ್ತಾರೆ. ಗಬ್ಬದ ಎಮ್ಮೆ ಜಾರಿದರೆ ಕರುವೂ ಹೋಗುತ್ತದೆ, ಎಮ್ಮೆಯೂ ಹೋಗುತ್ತದೆ. ನಾನು ಅಲ್ಲೇ ಚಪ್ಪಲಿ ಬಿಟ್ಟು, ಎಮ್ಮೆಯ ಪಕ್ಕದಲ್ಲಿ ಆ ಹಸಿ ರಬ್ಬರಿನ ಮೇಲೆ ನಿಂತು ಕಾಲು ತಿಕ್ಕಿದೆ. ಹಿಡಿಯಿತು. ತಮ್ಮನಿಗೆ, “ಇದ್ರಾಗ ಉಳದದ್ದು ಎಲ್ಲಿಟ್ಟಿ?” ಎಂದು ಕೇಳಿದೆ. ಅವನು ಅದನ್ನು ಸುರುಳಿ ಸುತ್ತಿ ಹಗ್ಗ ಕಟ್ಟಿ ಔರಾದದ ಬಸ್ಸಿನ ಮೇಲೆ ಹೇರಿಸಿದ. ಕಂಡಕ್ಟರ್ ಏನೋ ಗೊಣಗಿದ. ನಾನೂ ಗೊಣಗಿದೆ.

ಅಂಗಳದಲ್ಲಿ ಸುರುಳಿ ಬಿಚ್ಚಿದಾಗ ಅತ್ತೆ ಮೇಲಿನ ಬಾಗಿಲಲ್ಲಿ ನಿಂತು ಮೂಗಿಗೆ ಸೆರಗು ಹಿಡಿದರು.

“ಏ ಚಿಂತಾಕಿಯಾಕಿ, ಏನದು? ಸತ್ತ ಎಮ್ಮಿ ತಂದಿ ಏನು?”

“ಎಮ್ಮಿ ಅಲ್ರಿ ಅತ್ತಿ, ರಬ್ಬರ್. ಕಾರ್ಖಾನಿ ಪಟ್ಟಾ. ಮೆಟ್ಟಲಕ್ಕ ಹಾಸ್ತೇನಿ.”

“ವಾಸನಿ ನೋಡು, ಚಪ್ಪಲ್ ಅಂಗಡೀದು.”

“ಚಪ್ಪಲ್ ಅಲ್ರಿ ಇದು.”

“ಕರ್ರಗದ, ದಪ್ಪದ, ಕಾಲ ಬುಡಕ ಹಾಕ್ಕೋತಾರ. ಚಪ್ಪಲ್ ಅಲ್ಲಂದ್ರ ಮತ್ತೇನು, ಪಗಡಿ ಏನು? ಮಂದಿ ಬಾಗಲ ಮುಂದ ಚಪ್ಪಲ್ ಬಿಡ್ತಾರ. ನೀ ಬಾಗಲಕ್ಕೇ ಚಪ್ಪಲ್ ತೊಡಸ್ಲತ್ತಿ!”

ಸುನಂದಾ ಅವರ ಹಿಂದಿನಿಂದ, “ಆಯಿ, ಮೆಟ್ಟಲದ ಕಾಲ ನೋಯ್ಲತ್ತಾವಂತ, ಅದಕ್ಕ ತೊಡಸ್ಲತ್ತಾರ,” ಎಂದಳು. ಆಯಿ ನಗಲಿಲ್ಲ. ಅವರ ಮಾತಿನಲ್ಲಿ ಹಟದ ಜೊತೆ ಹೆದರಿಕೆಯೂ ಇತ್ತು. ಶ್ರಾವಣ ಸೋಮವಾರ ನಮ್ಮ ಮನೆಯ ಗುರುಗಳು, ಅಯ್ಯನವರು, ಪ್ರಸಾದಕ್ಕೆ ಬರುತ್ತಾರೆ. ಅವರು ಕಾಲಿಡುವ ಮೆಟ್ಟಿಲ ಮೇಲೆ ತೊಗಲು ಹಾಸಿದರೆ ಏನಾದೀತು? ಆದದ್ದು ಯಾರ ಹೊಟ್ಟೆಯ ಮೇಲೆ ಬಂದೀತು? ಅವರು ಬಾಯಿಬಿಟ್ಟು ಹೇಳಲಿಲ್ಲ, ಸುನಂದಾಳ ಹೊಟ್ಟೆಯನ್ನು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ. ಆದರೂ ಕೊಯ್ಯಲು ಕೂತೆ.

ದಪ್ಪ ರಬ್ಬರು ಕೊಯ್ಯುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಈಳಿಗೆ ಹಾಕಿದೆ, ಹಲ್ಲು ಊರಿ ನಿಂತುಬಿಟ್ಟಿತು. ಕಬ್ಬು ಕಡಿಯುವ ಕೊಯ್ತಾದಿಂದ ಹೊಡೆದೆ, ಚೆಂಡಿನ ಹಾಗೆ ಪುಟಿದು ನನ್ನ ಹಣೆಯ ಮಟ್ಟಕ್ಕೆ ಬಂತು. ಕೊನೆಗೆ ಬದನೆಕಾಯಿ ಹೆಚ್ಚುವ ಸಣ್ಣ ಚೂರಿಯನ್ನು ಕಲ್ಲಿಗೆ ಮಸೆದು ಹಿಡಿದೆ. ಅದೂ ಅರ್ಧ ಇಳಿದು ಸಿಕ್ಕಿಕೊಂಡಿತು. ಜೋರು ಮಾಡಿದಷ್ಟೂ ರಬ್ಬರು ಅಲಗನ್ನು ಗಟ್ಟಿ ಹಿಡಿಯುತ್ತದೆ. ಅತ್ತೆ ಮೇಲಿನಿಂದ, “ನಿನಗಿಂತ ಅದಕ್ಕೇ ಹಟ ಭಾಳ ಅದ,” ಎಂದರು. ಆ ಮಾತು ನಿಜ.

ಕೈ ತೊಳೆಯಲೆಂದು ಸಾಬೂನಿನ ನೀರಿಗೆ ಚೂರಿಯನ್ನೂ ಹಾಕಿದ್ದೆ. ತೆಗೆದು ಹಾಗೇ ಒಂದು ಗೆರೆ ಎಳೆದೆ, ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಆಮೇಲೆ ತಿಳಿಯುತ್ತ ಬಂತು. ಅಲಗು ಸದಾ ಹಸಿ ಇರಬೇಕು. ಪಟ್ಟಾವನ್ನು ಹಲಗೆಯ ಅಂಚಿಗೆ ಬಗ್ಗಿಸಿ ಹಿಡಿದರೆ ಕೊಯ್ದ ಬಾಯಿ ತಾನೇ ತೆರೆಯುತ್ತದೆ, ಚೂರಿ ಸಿಕ್ಕುವುದಿಲ್ಲ. ಒಂದೇ ಸಲಕ್ಕೆ ಇಳಿಸಬಾರದು, ಅದೇ ಗೆರೆಯ ಮೇಲೆ ಹಗುರಾಗಿ ಮತ್ತೆ ಮತ್ತೆ ಎಳೆಯಬೇಕು. ನಡುವೆ ಬಟ್ಟೆಯ ಪದರ ಬರುತ್ತದೆ, ಅಲ್ಲಿ ಅಲಗು ಮೊಂಡಾಗುತ್ತದೆ, ಮತ್ತೆ ಮಸೆಯಬೇಕು. ಸುನಂದಾ ಮಣೆ ಹಾಕಿಕೊಂಡು ಕೂತು ಗೆರೆಯ ಮೇಲೆ ಸಾಬೂನಿನ ನೀರು ಹನಿಸುತ್ತಿದ್ದಳು. ಒಂದೊಂದು ಮೆಟ್ಟಿಲಿಗೆ ಒಂದೊಂದು ತುಂಡು. ನೀರು ಇಳಿದು ಹೋಗಲೆಂದು ಗೋಡೆಯ ಕಡೆ ನಾಲ್ಕು ಬೆರಳು ಕಲ್ಲು ಬಿಟ್ಟೆ. ಪ್ರತಿ ತುಂಡಿನ ಮೈಮೇಲೂ ಅಡ್ಡ ಗೆರೆಗಳನ್ನು ಕೊರೆದೆ, ಹೊಸ ಟೈರಿಗೆ ಇರುವಂತೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಆ ವಾರ ರೊಟ್ಟಿ ಬಡಿದದ್ದು ಅತ್ತೆ. ರೊಟ್ಟಿಯ ಜೊತೆ ಮಾತನ್ನೂ ಬಡಿದರು.

ಶನಿವಾರ ಸಂಗಮೇಶ ಬಂದ. ಇಬ್ಬರ ಮುಖವನ್ನೂ ನೋಡಿ, “ಯವ್ವಾ, ಆಯಿ ಬ್ಯಾಡಂತಾಳ, ನೀ ಬೇಕಂತಿ. ನಾ ಏನ್ ಮಾಡ್ಲಿ?” ಎಂದ.

“ನೀ ಕಲ್ಲಿಗಿ ತೂತ ಮಾಡು.”

ಯಾರದೋ ಮನೆಯಿಂದ ಡ್ರಿಲ್ಲು ತಂದು ಭಾನುವಾರ ಇಡೀ ದಿನ ತೂತು ಕೊರೆದು, ಮೂಲೆಗೊಂದರಂತೆ ಸ್ಕ್ರೂ ಬಿಗಿದ. ಕಾಲಿಗೆ ತಾಗದಂತೆ ತಲೆಗಳನ್ನು ರಬ್ಬರಿನೊಳಗೆ ಇಳಿಸಿದ. ನಾನು ಒಂದು ಕೊಡ ನೀರು ಸುರಿದು ಇಳಿದು ಹತ್ತಿ ನೋಡಿದೆ. ಆಮೇಲೆ ಸುನಂದಾಳನ್ನು ಇಳಿಸಿದೆ. ಅವಳು ನಾಲ್ಕು ಮೆಟ್ಟಿಲಾದ ಮೇಲೆ ಗೋಡೆಯಿಂದ ಕೈ ತೆಗೆದಳು. “ಅತ್ತಿ, ಇನ್ ನೀವ್ ಹಿಂದಮುಂದ ಓಡೂದು ಬ್ಯಾಡ,” ಎಂದಳು. ನಾನೂ ಅವಳಿಗೆ, “ಹೂಂ, ಇನ್ ಧೈರ್ಯದಿಂದ ನಡಿ,” ಎಂದುಬಿಟ್ಟೆ. ಅತ್ತೆ ಮಾತ್ರ ರಬ್ಬರು ತುಳಿಯಲೊಲ್ಲದೆ ಗೋಡೆಗುಂಟ ಉಳಿದ ನಾಲ್ಕು ಬೆರಳ ಕಲ್ಲಿನ ಮೇಲೆ ಆಡಿನ ಹಾಗೆ ಅಡ್ಡಡ್ಡ ಇಳಿದರು.

ಸೋಮವಾರ ಅಯ್ಯನವರು ಬಂದರು. ಕೆಳಗಿನ ಮೆಟ್ಟಿಲ ಬಳಿ ಅವರ ಪಾದ ತೊಳೆಯುವುದು ರೂಢಿ. ತೊಳೆದ ಹಸಿಗಾಲಿನಲ್ಲೇ ಅವರು ಮೇಲೆ ಬರಬೇಕು, ಒರೆಸುವಂತಿಲ್ಲ. ಅತ್ತೆ ಪಾದ ತೊಳೆಯುತ್ತಲೇ ಹೇಳಿಬಿಟ್ಟರು: “ಅಯ್ಯಾರೆ, ಇದು ನನ್ನ ಕೆಲಸ ಅಲ್ರಿ. ಚಿಂತಾಕಿಯಾಕಿ ಮಾಡ್ಯಾಳ. ತೊಗಲ ಮ್ಯಾಲ ಪಾದ ಇಡ್ರಿ ಅಂತ ನಾ ಹ್ಯಾಂಗ ಅನ್ಲಿ?”

ಅಯ್ಯನವರು ಒಲ್ಲೆ ಎಂದು ಹಿಂದಕ್ಕೆ ಹೋದರೆ ಆ ರಬ್ಬರು ಸಂಜೆಯೊಳಗೆ ಅಂಗಳದಲ್ಲಿರುತ್ತಿತ್ತು. ನನಗೆ ಅಷ್ಟೂ ಗೊತ್ತಿತ್ತು. ಅವರು ಬಗ್ಗಿ ನೋಡಿದರು. ಒಂದು ಕಾಲು ಇಟ್ಟರು, ಬೆರಳು ಅದುಮಿದರು. ಇನ್ನೊಂದು ಕಾಲು ಇಟ್ಟರು.

“ಹೋದ ಶ್ರಾವಣದಾಗ ನಾ ಇಲ್ಲೇ ಜಾರಿದ್ದು ಮರತ್ರೇನು ತಾಯಿ? ನಿಮ್ಮ ಮನಿ ಹುಗ್ಗಿ ಮರತೇನಿ ಖರೆ, ಆ ಪೆಟ್ಟು ಮರತಿಲ್ಲ,” ಎಂದು, ಗೋಡೆ ಮುಟ್ಟದೆ ಸರಸರ ಮೇಲೆ ಹೋದರು.

ಅತ್ತೆ ಖಾಲಿ ತಂಬಿಗೆ ಹಿಡಿದು ಕೆಳಗೇ ನಿಂತಿದ್ದರು. ಆಮೇಲೆ ರಬ್ಬರಿನ ಮೇಲೆ ಕಾಲಿಟ್ಟು ಹತ್ತಿದರು. ನನ್ನ ಕಡೆ ನೋಡಲಿಲ್ಲ. ಊಟಕ್ಕೆ ಬಡಿಸುವಾಗ ನನ್ನ ಎಲೆಗೆ ತುಪ್ಪ ಒಂದು ಮಿಳ್ಳೆ ಹೆಚ್ಚು ಬಿತ್ತು. ನಮ್ಮ ಮನೆಯಲ್ಲಿ ರಾಜಿ ಎಂದರೆ ಅಷ್ಟೇ.

ಅಯ್ಯನವರ ಪ್ರಸಾದಕ್ಕೆ ಮನೆಯ ಹಿಟ್ಟೆಲ್ಲ ಮುಗಿದಿತ್ತು. ಮಧ್ಯಾಹ್ನದ ಮೇಲೆ ನಾನು ಜೋಳ ಹೊತ್ತು ಗಿರಣಿಗೆ ಹೋದೆ. ಗಿರಣಿಯಲ್ಲಿ ಕರೆಂಟಿರಲಿಲ್ಲ, ಕಾದೆ. ಬೀಸಿಸಿಕೊಂಡು ಬುಟ್ಟಿ ತಲೆಯ ಮೇಲಿಟ್ಟು ಮರಳುವಾಗ ಇನ್ನೂ ದೀಪ ಹಚ್ಚುವ ಹೊತ್ತಾಗಿರಲಿಲ್ಲ.

ಅಂಗಳಕ್ಕೆ ಕಾಲಿಟ್ಟೆ. ಮೆಟ್ಟಿಲು ಮಿಂಚುತ್ತಿತ್ತು. ಮಳೆ ನಿಂತು ನಾಲ್ಕು ತಾಸಾಗಿತ್ತು. ಅತ್ತೆ ತೊಳೆದರೇನೋ ಅಂದುಕೊಂಡೆ. ಆದರೆ ನೀರಿನ ಮಿಂಚು ಹಾಗಿರುವುದಿಲ್ಲ. ಆಗ ವಾಸನೆ ಬಂತು. ಔಡಲೆಣ್ಣೆ.

ತಲೆಯೆತ್ತಿದೆ. ಮೇಲಿನ ಬಾಗಿಲಿನಿಂದ ಸುನಂದಾ ಸಂಡಾಸಿಗೆಂದು ಚರಿಗೆ ಹಿಡಿದು ಹೊರಗೆ ಬಂದಿದ್ದಳು. ಆ ದಿನಗಳಲ್ಲಿ ಹೊಟ್ಟೆ ಅಡ್ಡ ಬಂದು ಅವಳಿಗೆ ಅವಳ ಪಾದವೇ ಕಾಣುತ್ತಿರಲಿಲ್ಲ. ಒಂದು ಕಾಲು ಮೊದಲ ಮೆಟ್ಟಿಲ ಮೇಲೆ ಇಟ್ಟಾಗಿತ್ತು. ಕೈ ಗೋಡೆಯ ಮೇಲಿರಲಿಲ್ಲ. ಧೈರ್ಯದಿಂದ ನಡಿ ಎಂದು ನಾನೇ ಹೇಳಿದ್ದೆನಲ್ಲ.

ಚೀರಿದರೆ ಬೆಚ್ಚಿಬೀಳುತ್ತಾಳೆ. ಸುಮ್ಮನಿದ್ದರೆ ಇಳಿಯುತ್ತಾಳೆ. ನಾನು ದಿನದ ದನಿಯಲ್ಲೇ ಹೇಳಿದೆ: “ಸುನಂದಾ, ಅಲ್ಲೇ ಕೂಡವಾ.”

“ಯಾಕ್ರಿ ಅತ್ತಿ?”

“ಕೂಡಂದ್ರ ಕೂಡು.”

“ನನಗ ಇಲ್ಲಿ ಅವಸರ ಅದ, ನೀವ್ ಕೂಡಂತೀರಿ!” ಎಂದು ನಕ್ಕಳು.

“ಗ್ವಾಡಿ ಹಿಡಿ. ಹಿಡದು ಕೂಡು.”

ದನಿಯಲ್ಲಿ ಏನು ಕೇಳಿಸಿತೋ, ನಗು ನಿಂತಿತು. ಅವಳು ಗೋಡೆಗೆ ಕೈ ಚಾಚಿ ಮೆಲ್ಲಗೆ ಕುಕ್ಕರಿಸತೊಡಗಿದಳು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು. ಕೈಯಲ್ಲಿ ಎಣ್ಣೆಯ ಬಟ್ಟಲು, ಮುಖದಲ್ಲಿ ನಾನು ಎಂದೂ ಕಾಣದ ಸಂತೋಷ.

“ಬಂದೇನ ಚಿಂತಾಕಿಯಾಕಿ? ನೋಡಿಲ್ಲಿ, ನಿನ್ನ ತೊಗಲಿಗಿ ನಾ—”

ಎಂದವರೇ ಸುನಂದಾಳ ಪಕ್ಕದಲ್ಲಿ ಅದೇ ಮೆಟ್ಟಿಲ ಮೇಲೆ ಕಾಲಿಟ್ಟರು. ಹಿಮ್ಮಡಿ ಹೋಯಿತು. ಬಟ್ಟಲು ಠಣ್ ಠಣ್ ಎನ್ನುತ್ತ ಉರುಳಿ ನನ್ನ ಕಾಲ ಬಳಿಗೆ ಬಂತು, ಅದರ ಹಿಂದೆ ಚರಿಗೆ. ಅತ್ತೆ ಸುನಂದಾಳ ಹೆಗಲನ್ನು ಎರಡೂ ಕೈಯಿಂದ ಹಿಡಿದಿದ್ದರು. ಸುನಂದಾ ಅರ್ಧ ಬಗ್ಗಿ, ಗೋಡೆಯ ಸಂದಿಯೊಂದರಲ್ಲಿ ಬೆರಳು ತುರುಕಿ ನಿಂತಿದ್ದಳು. ಮೂರು ಜೀವಗಳ ಭಾರವೂ ಆ ನಾಲ್ಕು ಬೆರಳ ಮೇಲೆ.

ಓಡುವಂತಿರಲಿಲ್ಲ. ನಾನು ಹತ್ತಿದರೆ ನಾನೂ ಜಾರಿ ಅವರ ಕಾಲನ್ನೂ ಎಳೆಯುತ್ತಿದ್ದೆ. ತಲೆಯ ಮೇಲೆ ಬುಟ್ಟಿ ಇನ್ನೂ ಇತ್ತು. ಇಳಿಸಿದೆ. ಹಿಡಿ ಹಿಟ್ಟು ತೆಗೆದು ಕೆಳಗಿನ ಮೆಟ್ಟಿಲಿಗೆ ಎರಚಿ ಅಂಗೈಯಿಂದ ಒತ್ತಿದೆ. ಹಿಟ್ಟು ಎಣ್ಣೆ ಕುಡಿಯಿತು. ಅದರ ಮೇಲೆ ಮೊಣಕಾಲಿಟ್ಟೆ. ಮುಂದಿನದಕ್ಕೆ ಎರಚಿದೆ, ಒತ್ತಿದೆ, ಮೊಣಕಾಲಿಟ್ಟೆ. ಬುಟ್ಟಿಯನ್ನು ಮಗುವಿನ ಹಾಗೆ ಕಂಕುಳಲ್ಲಿ ಅವುಚಿಕೊಂಡು ಹಾಗೇ ಏರಿದೆ.

ಜೋತು ಬಿದ್ದಲ್ಲಿಂದಲೇ ಅತ್ತೆ ಕೂಗಿದರು: “ಹಿಟ್ಟು ತುಳೀಬ್ಯಾಡ! ಪಾಪ ಬರ್ತದ!”

“ಬರ್ಲಿ. ನೀವು ಅಳ್ಳಾಡಬ್ಯಾಡ್ರಿ.”

“ಉಣ್ಣೂ ಹಿಟ್ಟು ಅದು!”

“ಅತ್ತಿ, ಬಾಯಿ ಮುಚ್ರಿ!”

ನಲವತ್ತು ವರ್ಷದ ಸಂಸಾರದಲ್ಲಿ ಅವರಿಗೆ ಆ ಮಾತನ್ನು ನಾನು ಅಂದದ್ದು ಅದೇ ಮೊದಲು. ಅವರು ಮುಚ್ಚಿದರು. ಸುನಂದಾಳ ಬೆರಳು ಬಿಳಿಚಿಕೊಂಡಿದ್ದವು. ನಾನು ಕೊನೆಯ ಹಿಡಿಯನ್ನು ಅವಳ ಕಾಲ ಸುತ್ತ ಸುರಿದು, ಕೆಳಗಿನ ಮೆಟ್ಟಿಲಲ್ಲಿ ಗಟ್ಟಿ ನಿಂತು, ಹೆಗಲನ್ನು ಅವಳ ತೊಡೆಗೆ ಕೊಟ್ಟೆ. “ಈಗ ಕೂಡು,” ಎಂದೆ. ಅವಳು ನನ್ನ ಹೆಗಲ ಮೇಲೆ ಭಾರ ಬಿಟ್ಟು ಹೊಸ್ತಿಲ ಮೇಲೆ ಕೂತಳು. ಅವಳನ್ನು ಹಿಡಿದಿದ್ದ ಅತ್ತೆಯೂ ಧಡ್ಡನೆ ಕೂತರು.

ಮೂವರಿಗೂ ಉಸಿರು ಮೇಲೆ ಕೆಳಗೆ. ನಾನು ಅವಳ ಹೊಟ್ಟೆ ಮುಟ್ಟಿದೆ. ಹಿಟ್ಟಿನ ಕೈ ಅಚ್ಚು ಮೂಡಿತು.

“ಏನಾರ ಆಗ್ಲತ್ತದೇನು?”

ಅವಳು ನನ್ನ ಕೈಯ ಮೇಲೆ ತನ್ನ ಕೈ ಒತ್ತಿ ಹಿಡಿದಳು. ಆ ಕೈಯ ಬಿಗಿಯನ್ನು ನಾನು ಇನ್ನೂ ಮರೆತಿಲ್ಲ. ಆಮೇಲೆ, “ಒದೀಲತ್ತದ್ರಿ,” ಎಂದಳು.

“ಒದೀಲಿ.”

ಅತ್ತೆ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಎಣ್ಣೆ ಮೊಣಕೈವರೆಗೂ ಇಳಿದಿತ್ತು. ಅವರು ಮದುವೆಯಾಗಿ ಬಂದಾಗ ಈ ಮನೆಗೆ ಹೊಲವಿತ್ತು, ಹೊಲದಲ್ಲಿ ಬಾವಿ, ಬಾವಿಯಿಂದ ಎತ್ತು ಕಟ್ಟಿ ನೀರೆಳೆಯುವ ದೊಡ್ಡ ತೊಗಲಿನ ಚೀಲ. ಮಳೆಗಾಲದಲ್ಲಿ ಆ ಚೀಲಕ್ಕೂ ಗಂಡಸರ ಚಪ್ಪಲಿಗೂ ಔಡಲೆಣ್ಣೆ ತಿಕ್ಕುವುದು ಹೊಸ ಸೊಸೆಯ ಪಾಲಿನ ಕೆಲಸವಾಗಿತ್ತು. ತಿಕ್ಕದಿದ್ದರೆ ತೊಗಲು ಬಿರಿಯುತ್ತದೆ. ರಬ್ಬರನ್ನು ಅವರು ಬೈದದ್ದೂ ತೊಗಲೆಂದು, ಒಪ್ಪಿದ್ದೂ ತೊಗಲೆಂದೇ. ಅಯ್ಯನವರ ಪಾದ ತಾಗಿದ ಮೇಲೆ ಅದು ಮನೆಯದಾಯಿತು. ಮನೆಯ ತೊಗಲು ಬಿರಿಯಬಾರದೆಂದು ಗಂಟೆಗಟ್ಟಲೆ ಕೂತು, ನಾನು ಕೊರೆದ ಒಂದೊಂದು ಗೆರೆಗೂ ಬೆರಳು ಹಾಕಿ ಎಣ್ಣೆ ಕುಡಿಸಿದ್ದರು.

“ಬಿರೀಬಾರದಂತ…” ಎಂದರು.

ನನ್ನ ಬಾಯಿಗೆ ಬಂದದ್ದು ಬಹಳ ಇತ್ತು. ಸುನಂದಾ ಮೊದಲೇ ಅಂದಳು: “ಅದೆಲ್ಲಾ ಇರ್ಲಿ, ಈಗ ನಾ ಅವಸರಕ್ಕ ಎಲ್ಲಿಗಿ ಹೋಗ್ಲಿ?”

ಅತ್ತೆ ಎದ್ದರು. ಒಳಗೆ ಹೋಗಿ, ನಾನು ಇಡಬೇಕೆಂದಿದ್ದ ಬಕೆಟನ್ನು ತಾವೇ ತಂದು ಹಿಂದಿನ ಕೋಣೆಯಲ್ಲಿ ಇಟ್ಟರು. ಪೂಜೆಯ ಕೋಣೆಯ ಬಾಗಿಲು ಎಳೆದುಕೊಂಡರು. ಆ ಸಂಜೆ ಹಿಟ್ಟಿರಲಿಲ್ಲ, ಅನ್ನ ಮಾಡಿದೆ. ಸುನಂದಾ ಎರಡು ಸಲ ಬಡಿಸಿಕೊಂಡಳು. ಅತ್ತೆ ತಾಟು ಮುಟ್ಟಲಿಲ್ಲ.

ಕೂಸು ಕಾರ್ತಿಕದಲ್ಲಿ ಹುಟ್ಟಿತು, ಹೆಣ್ಣು. ಈಗ ಹದಿನಾರಕ್ಕೆ ಬಂದಿದ್ದಾಳೆ. ಮೊಬೈಲು ನೋಡುತ್ತ ಅದೇ ಮೆಟ್ಟಿಲನ್ನು ಎರಡೆರಡು ಹಾರಿ ಇಳಿಯುತ್ತಾಳೆ, ನಾನು ಒಲೆಯ ಮುಂದಿನಿಂದ ಬೈಯುತ್ತೇನೆ. ಅತ್ತೆ ಅವಳನ್ನು ಶಾಲೆಗೆ ಸೇರಿಸುವವರೆಗೂ ಇದ್ದರು. ರಬ್ಬರು ಎರಡು ಸಲ ಬದಲಾಗಿದೆ, ಎರಡು ಸಲವೂ ಕೊಯ್ದದ್ದು ನಾನೇ. ಆದರೆ ನಾನು ಹೇಳಬೇಕೆಂದಿರುವುದು ಇದಲ್ಲ, ಆ ಮರುದಿನದ ಬೆಳಗನ್ನು.

ಎಚ್ಚರವಾದದ್ದು ಸದ್ದಿಲ್ಲದ್ದಕ್ಕೆ. ದಿನವೂ ಕೊಡದ ಸದ್ದಿಗೆ ನಾನು ಏಳುವವಳು. ಹೊರಗೆ ಬೆಳಕಾಗಿತ್ತು, ಕೊಡ ಬೋರಲು ಬಿದ್ದಿತ್ತು. ಅತ್ತೆ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು.

“ಇನ್ ಮುಂದ ನೀನೇ ನೋಡ್ಕೋ,” ಎಂದರು. “ನನ್ನ ಕೈಗಿ ತಿಳೀವಲ್ದು. ನಾ ಮೆಟ್ಟಲಕ್ಕ ಹೋಗಲ್ಲ.”

ತಿಂಗಳುಗಟ್ಟಲೆ ನಾನು ಬಯಸಿದ್ದ ಮಾತು ಅದೇ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾನು ಅನ್ನಲಿಲ್ಲ. ಕನಿಕರವೆಂದುಕೊಳ್ಳಬೇಡಿ. ಎಣ್ಣೆ ಹಿಟ್ಟು ಕಲೆತು ಮೆಟ್ಟಿಲೆಲ್ಲ ಕಣಕದಂತೆ ಮೆತ್ತಿಕೊಂಡಿತ್ತು, ಒಬ್ಬಳೇ ತಿಕ್ಕಿದರೆ ಮಧ್ಯಾಹ್ನವಾಗುತ್ತಿತ್ತು, ಸುನಂದಾ ಅಷ್ಟು ಹೊತ್ತು ಆ ಬಕೆಟ್ಟಿಗೆ ಇನ್ನೊಮ್ಮೆ ಒಪ್ಪುವವಳಲ್ಲ.

ಬಿಸಿನೀರು ಕಾಯಿಸಿದೆ. ಒಲೆಯ ಬೂದಿ, ಬಟ್ಟೆ ಸೋಡಾ, ತೆಂಗಿನ ನಾರು, ಕಸಬರಿಗೆಯ ಕಡ್ಡಿ ಎಲ್ಲವನ್ನೂ ಎರಡು ಪಾಲು ಮಾಡಿ ಒಂದನ್ನು ಅವರ ಮಡಿಲಿಗೆ ಹಾಕಿದೆ. “ನೀವ್ ಮ್ಯಾಲಿಂದ ಬರ್ರಿ, ನಾ ಕೆಳಗಿಂದ ಬರ್ತೇನಿ. ಕೂತೇ ಇಳೀರಿ,” ಎಂದೆ.

ಅವರು ಬಹಳ ಹೊತ್ತು ಬರಲಿಲ್ಲ. ನಾನು ಕೆಳಗಿನಿಂದ ತಿಕ್ಕುತ್ತ ಎರಡು ಮೆಟ್ಟಿಲು ಏರಿದ ಮೇಲೆ ಮೇಲ್ಗಡೆ ನಾರಿನ ಸದ್ದು ಕೇಳಿತು. ಅವರು ಹೊಸ್ತಿಲ ಮೇಲೆ ಕೂತು ಕಡ್ಡಿಯಿಂದ ಗೆರೆ ಗೆರೆಯನ್ನೂ ಕೆದಕುತ್ತಿದ್ದರು. ನಡುವಿನ ಮೆಟ್ಟಿಲಲ್ಲಿ ಕೈ ಕೈ ತಾಗಿದವು.

“ಈ ಗೆರಿ ಯಾಕ ಕೊರದಿದ್ದಿ?” ಎಂದು ಕೇಳಿದರು.

“ನೀರು ಹರದು ಹೋಗ್ಲಿ ಅಂತ್ರಿ.”

“ನಾ ಅಲಂಕಾರ ಅಂದ್ಕೊಂಡಿದ್ದೆ.”

ನೀರು ಸುರಿದೆವು. ಅತ್ತೆ ಒಣ ಬಟ್ಟೆಯಿಂದ ತಮ್ಮ ಪಾದ ಒರೆಸಿಕೊಂಡು ಎದ್ದು ನಿಂತರು. “ಮೊದಲ ನಾ ಇಳೀತೇನಿ. ಬಿದ್ರ ನಾ ಬೀಳ್ತೇನಿ,” ಎಂದರು. ನಾನು ಒಂದು ಮೆಟ್ಟಿಲು ಕೆಳಗೆ ಕೈ ಚಾಚಿ ಹಿಮ್ಮುಖವಾಗಿ ಇಳಿದೆ. ಅವರು ಒಂದೊಂದನ್ನೂ ಹಿಮ್ಮಡಿಯಿಂದ ಕುಟ್ಟಿ ನೋಡಿ ಇಳಿದರು. ಅಂಗಳ ಮುಟ್ಟಿ ತಿರುಗಿ ನಿಂತು ಕೂಗಿದರು: “ಬಾರವಾ ಭಾಲ್ಕಿಯಾಕಿ. ಗ್ವಾಡಿ ಹಿಡದು ಬಾ.”

ಸುನಂದಾ ಗೋಡೆ ಹಿಡಿದು ಬಂದಳು. ಅವಳು ಅಂಗಳ ದಾಟಿ ಸಂಡಾಸಿನ ಬಾಗಿಲು ಹಾಕಿಕೊಂಡ ಮೇಲೆ ನಾನು ಬುಟ್ಟಿ ಝಾಡಿಸಿ, ಜೋಳ ತುಂಬಿಕೊಂಡು ಗಿರಣಿಗೆ ಹೋದೆ.